ಮತದಾರರ ಪಟ್ಟಿಯಲ್ಲಿ ಹೆಸರು, ಮನೆಗೆ ಬರುವ ನೆರವು: ನಾವು ತಿಳಿದಿರಬೇಕಾದದ್ದು

2024ರ ಏಪ್ರಿಲ್ 26 ಶುಕ್ರವಾರವಾಗಿತ್ತು. ಲೋಕಸಭಾ ಚುನಾವಣೆಯ ಮತದಾನವೂ ಅಂದೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಕಡೆ ಬೆಳಿಗ್ಗೆ 7ರಿಂದಲೇ ಸರದಿ ಸಾಲು. ಜುಮಾಕ್ಕೆ ಮೊದಲೇ ಮತ ಹಾಕಿ ಬಂದವರ ಬೆರಳಿನ ಶಾಯಿ ಮಸೀದಿಯ ಹೌಝ್ ಬಳಿ ಕಾಣುತ್ತಿತ್ತು. ನಮಾಝ್ ಮುಗಿಸಿ ಹೊರಬಂದಾಗ ಕಿವಿಗೆ ಬಿದ್ದ ಒಂದು ಮಾತು ಮಾತ್ರ ಈಗಲೂ ನಮ್ಮನ್ನು ಬಿಟ್ಟಿಲ್ಲ: “ಕಾರ್ಡ್ ಕೈಯಲ್ಲೇ ಇದೆ, ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರು.”

ಹೀಗೆ ಹೇಳುವವರು ಪ್ರತಿ ಚುನಾವಣೆಯಲ್ಲೂ ಇರುತ್ತಾರೆ. ಅಂದು ಅವರಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ಮತಗಟ್ಟೆಯ ಅಧಿಕಾರಿಗೆ ಹೆಸರು ಸೇರಿಸುವ ಅಧಿಕಾರವಿಲ್ಲ. ಶಾಸಕರು ಫೋನ್ ಮಾಡಿದರೂ ಪ್ರಯೋಜನವಿಲ್ಲ. ಮತ ಹಾಕುವ ಹಕ್ಕು ಇರುವುದು ಕಾರ್ಡಿನಲ್ಲಲ್ಲ, ಪಟ್ಟಿಯಲ್ಲಿ. ಗುರುತಿನ ಚೀಟಿ ಕಳೆದುಹೋದರೂ ಆಧಾರ್, ಚಾಲನಾ ಪರವಾನಗಿ, ಪ್ಯಾನ್, ಉದ್ಯೋಗ ಖಾತರಿ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇವೆಲ್ಲವೂ ಇದ್ದು ಉಪಯೋಗವಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಲೆಕ್ಕ ಸ್ವಲ್ಪ ಗೋಜಲಿನದು. ನಾಲ್ಕೂ ಹುಣಸೂರು ಉಪವಿಭಾಗಕ್ಕೆ ಸೇರಿದವು, ನಾಲ್ಕೂ ಬೇರೆ ಬೇರೆ ವಿಧಾನಸಭಾ ಕ್ಷೇತ್ರಗಳು. ಲೋಕಸಭೆಗೆ ಬಂದರೆ ಹುಣಸೂರು ಮತ್ತು ಪಿರಿಯಾಪಟ್ಟಣ ಮೈಸೂರು ಕ್ಷೇತ್ರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ ಸೇರುತ್ತವೆ. ಸಾಲಿಗ್ರಾಮ ಮತ್ತು ಸರಗೂರು ಈಗ ಪ್ರತ್ಯೇಕ ತಾಲ್ಲೂಕುಗಳಾದರೂ ವಿಧಾನಸಭಾ ಕ್ಷೇತ್ರ ಹಳೆಯದೇ. ಹುಣಸೂರಿನಿಂದ ಕೆ.ಆರ್. ನಗರಕ್ಕೆ ಮದುವೆಯಾಗಿ ಹೋದ ಹೆಣ್ಣುಮಗಳ ಶಾಸಕರೂ ಬದಲಾಗುತ್ತಾರೆ, ಸಂಸದರೂ ಬದಲಾಗುತ್ತಾರೆ. ಹೆಸರು ಮಾತ್ರ ತವರಿನ ಪಟ್ಟಿಯಲ್ಲೇ ಕುಳಿತಿರುತ್ತದೆ. ನಾಲ್ಕೈದು ವರ್ಷದ ನಂತರ ಯಾರೋ “ಸ್ಥಳಾಂತರ” ಎಂದು ಬರೆಯುತ್ತಾರೆ. ತವರಿನಲ್ಲಿ ಹೆಸರು ಹೋಯಿತು, ಗಂಡನ ಮನೆಯಲ್ಲಿ ಸೇರಲಿಲ್ಲ. ನಮ್ಮ ಕುಟುಂಬಗಳಲ್ಲಿ ಮತ ಕಳೆದುಕೊಳ್ಳುವವರಲ್ಲಿ ಇಂತಹ ಹೆಣ್ಣುಮಕ್ಕಳೇ ಹೆಚ್ಚು ಎಂಬುದು ನಾವು ಕಂಡದ್ದು.

ಶಾಸಕರು ಕೊಡುವ ಲೆಕ್ಕ

2023ರ ಮೇ 10ರ ಚುನಾವಣೆಯಲ್ಲಿ ಪಿರಿಯಾಪಟ್ಟಣದಿಂದ ಕೆ. ವೆಂಕಟೇಶ್, ಕೆ.ಆರ್. ನಗರದಿಂದ ಡಿ. ರವಿಶಂಕರ್, ಎಚ್.ಡಿ. ಕೋಟೆಯಿಂದ ಅನಿಲ್ ಚಿಕ್ಕಮಾದು ಕಾಂಗ್ರೆಸ್ಸಿನಿಂದ ಗೆದ್ದರು. ಹುಣಸೂರಿನಲ್ಲಿ ಜಾತ್ಯತೀತ ಜನತಾ ದಳದ ಜಿ.ಡಿ. ಹರೀಶ್ ಗೌಡ ಗೆದ್ದರು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ 2016ರ ನಂತರ, 2021ರಲ್ಲಿ ಅವಧಿ ಮುಗಿದ ಮೇಲೂ, ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೀಗಾಗಿ ಪಿಂಚಣಿ ನಿಂತರೂ, ಪಡಿತರ ಬಾರದಿದ್ದರೂ, ಚರಂಡಿ ತುಂಬಿದರೂ ಜನ ಹೋಗುವುದು ಶಾಸಕರ ಮನೆ ಬಾಗಿಲಿಗೆ. ಶಾಸಕರೂ ಸಭೆಗೆ ಬಂದಾಗ ಗ್ಯಾರಂಟಿಗಳ ಲೆಕ್ಕ ಹೇಳುತ್ತಾರೆ: ಇಷ್ಟು ಮನೆಗೆ ಗೃಹಲಕ್ಷ್ಮಿ, ಇಷ್ಟು ಮೀಟರಿಗೆ ಗೃಹಜ್ಯೋತಿ. ವಿರೋಧ ಪಕ್ಷದವರಾದರೆ ಬಾಕಿಯ ಲೆಕ್ಕ ಹೇಳುತ್ತಾರೆ. ಎರಡನ್ನೂ ಕೇಳಬೇಕು. ಆದರೆ ಶಾಸಕರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು ಗೊತ್ತಿದ್ದರೆ ಕೇಳುವ ಪ್ರಶ್ನೆ ಸರಿಯಾಗಿರುತ್ತದೆ.

ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ. ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು, ಶಾಸಕರ ಪತ್ರ ಬೇಕಿಲ್ಲ. ಮತದಾರರ ಪಟ್ಟಿ ಚುನಾವಣಾ ಆಯೋಗದ್ದು, ಅದಕ್ಕೂ ಶಾಸಕರ ಪತ್ರ ಬೇಕಿಲ್ಲ. ಶಾಸಕರಿಗಿರುವ ದೊಡ್ಡ ಅಧಿಕಾರ ಸದನದಲ್ಲಿ ಪ್ರಶ್ನೆ ಕೇಳುವುದು. ಅದರ ಬೆಲೆ ಎಷ್ಟೆಂದು 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಕಂಡೆವು. ಗೃಹಲಕ್ಷ್ಮಿಯ ಕಂತುಗಳೆಲ್ಲ ಪಾವತಿಯಾಗಿವೆ ಎಂಬ ಉತ್ತರವನ್ನು ಶಾಸಕರು ಪಟ್ಟುಹಿಡಿದು ಪ್ರಶ್ನಿಸಿದಾಗ ಆ ವರ್ಷದ ಫೆಬ್ರವರಿ ಮತ್ತು ಮಾರ್ಚ್ ತಿಂಗಳ ಹಣ ಬಂದಿಲ್ಲ ಎಂಬುದು ಹೊರಬಿತ್ತು. ಸಚಿವೆ ಲಕ್ಷ್ಮಿ ಹೆಬ್ಬಾಳ್ಕರ್ ವಿಷಾದ ವ್ಯಕ್ತಪಡಿಸಬೇಕಾಯಿತು. ಪಾಸ್‌ಬುಕ್ ಹಿಡಿದು “ಎರಡು ಕಂತು ಕಡಿಮೆ ಇದೆ” ಎಂದು ಹೇಳುತ್ತಿದ್ದ ನಮ್ಮ ಮೊಹಲ್ಲಾದ ಮಹಿಳೆಯರ ಲೆಕ್ಕವೇ ಸರಿಯಾಗಿತ್ತು.

ನೆರವಿನ ಯೋಜನೆಗಳು ಈಗ ಹೆಚ್ಚಿನವರಿಗೆ ಗೊತ್ತಿರುವವೇ, ಆದ್ದರಿಂದ ಬೇಗ ಹೇಳಿ ಮುಂದೆ ಹೋಗುತ್ತೇವೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಉಚಿತ, ಕೇರಳಕ್ಕೆ ಹೋಗುವ ಅಂತರರಾಜ್ಯ ಬಸ್ಸಿನಲ್ಲಿ ಅಲ್ಲ. ಕೋಟೆಯಿಂದ ಮಾನಂದವಾಡಿ ಕಡೆಗೆ ನೆಂಟರ ಮನೆಗೆ ಹೋಗುವವರು ಇದನ್ನು ತಿಳಿದಿರಲಿ. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ತಕ್ಕಂತೆ. ಬಾಡಿಗೆದಾರರಿಗೂ ಇದೆ, ಮನೆ ಬದಲಿಸಿದಾಗ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ.ಗೆ ಮೊದಲು ಕೆ.ಜಿ.ಗೆ 34 ರೂಪಾಯಿಯಂತೆ ಹಣ ಬರುತ್ತಿತ್ತು, 2025ರ ಫೆಬ್ರವರಿಯಿಂದ ಅಕ್ಕಿಯೇ ಬಂತು. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ.

ಗ್ಯಾರಂಟಿಯ ಸದ್ದಿನಲ್ಲಿ ನಾವು ಮರೆಯುವುದು ಹಳೆಯ ಪಿಂಚಣಿಗಳನ್ನು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ. ವಿಧವೆಯರಿಗೆ 800. ಅಂಗವೈಕಲ್ಯ ಶೇಕಡ 40ಕ್ಕಿಂತ ಹೆಚ್ಚಿದ್ದರೆ 800, ಶೇಕಡ 75 ದಾಟಿದರೆ 1,400. ಬಡತನ ರೇಖೆಗಿಂತ ಕೆಳಗಿನ 40ರಿಂದ 64 ವರ್ಷದ ಅವಿವಾಹಿತ ಅಥವಾ ವಿಚ್ಛೇದಿತ ಮಹಿಳೆಯರಿಗೆ ಮನಸ್ವಿನಿ ಎಂಬ ಯೋಜನೆಯಲ್ಲಿ 800. ತಲಾಕ್ ಆಗಿ ತವರಿಗೆ ಮರಳಿದ, ಅಣ್ಣನ ಮನೆಯ ಒಂದು ಮೂಲೆಯಲ್ಲಿ ಬೀಡಿ ಕಟ್ಟಿಯೋ ಬಟ್ಟೆ ಹೊಲಿದೋ ದಿನ ನೂಕುವ ಸಹೋದರಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಮನಸ್ವಿನಿಯ ಹೆಸರೂ ಅವರಲ್ಲಿ ಅನೇಕರು ಕೇಳಿಲ್ಲ. ಝಕಾತ್ ಪಟ್ಟಿಯಲ್ಲಿ ಅವರ ಹೆಸರಿರುತ್ತದೆ, ಸರ್ಕಾರದ ಪಟ್ಟಿಯಲ್ಲಿ ಇರುವುದಿಲ್ಲ. ಝಕಾತ್ ಹಂಚುವ ಸಮಿತಿಯವರು ಅದೇ ಪಟ್ಟಿ ಹಿಡಿದು ನಾಡಕಚೇರಿಗೆ ಒಮ್ಮೆ ಹೋಗಿ ಬಂದರೆ ಕೆಲಸ ಆಗುತ್ತದೆ.

ಒಂದೇ ಹೆಸರು, ನಾಲ್ಕು ಬರಹ

ನೆರವು ನಿಲ್ಲುವುದಕ್ಕೂ ಮತ ತಪ್ಪುವುದಕ್ಕೂ ಬಹಳ ಸಲ ಕಾರಣ ಒಂದೇ, ನಮ್ಮ ಹೆಸರುಗಳು. ಆಧಾರಿನಲ್ಲಿ ಫಾತಿಮಾ ಬೀ, ಪಡಿತರ ಚೀಟಿಯಲ್ಲಿ ಪಾತಿಮಾಬಿ, ಬ್ಯಾಂಕಿನಲ್ಲಿ ಫಾತಿಮಾ ಬೇಗಂ, ಮತದಾರರ ಪಟ್ಟಿಯಲ್ಲಿ ಪಾತೀಮ. ಗಂಡಸರಲ್ಲಿ ಮುಹಮ್ಮದ್ ಎಂಬ ಒಂದೇ ಹೆಸರು ಮೊಹಮದ್, ಮಹಮ್ಮದ್, ಬರೀ ಎಂಡಿ ಎಂದೆಲ್ಲ ಆಗುತ್ತದೆ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಬರೆದವರಿಗೆ ಉರ್ದು ಗೊತ್ತಿಲ್ಲ, ಬರೆಸಿದವರು ಏನು ಬರೆದರೆಂದು ನೋಡಲಿಲ್ಲ. ಮನುಷ್ಯ ನೋಡಿದರೆ ಒಬ್ಬಳೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ಮಾತ್ರ ನಾಲ್ಕು ಜನ.

ನಮ್ಮ ಪರಿಚಯದ ಅಜ್ಜಿಯೊಬ್ಬರ ಪಿಂಚಣಿ ಕೆಲವು ತಿಂಗಳು ನಿಂತಿತ್ತು. ಮನೆಯವರು ಸರ್ಕಾರವೇ ನಿಲ್ಲಿಸಿತೆಂದು ಸುಮ್ಮನಿದ್ದರು. ವಿಚಾರಿಸಿದರೆ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ, ಆಗದಿದ್ದುದಕ್ಕೆ ಕಾರಣ ಹೆಸರಿನ ಒಂದು ಅಕ್ಷರ. ಮೂರು ಸಲ ಅಲೆದ ಮೇಲೆ ಸರಿಹೋಯಿತು. ಅಲೆಸಿದ್ದು ತಪ್ಪು, ಆದರೆ ಸುಮ್ಮನೆ ಕುಳಿತಿದ್ದು ನಮ್ಮ ತಪ್ಪೇ.

ಗೃಹಲಕ್ಷ್ಮಿಯ ಹಣ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಬರೆದ ಮಹಿಳೆಗೆ ಬರುತ್ತದೆ. ಆಕೆ ತೀರಿಕೊಂಡರೆ ಚೀಟಿ ತಿದ್ದಿಸಿ ಇನ್ನೊಬ್ಬರನ್ನು ಯಜಮಾನಿಯಾಗಿ ಬರೆಸಬೇಕು. ದುಃಖದ ದಿನಗಳಲ್ಲಿ ಇದು ನೆನಪಾಗುವುದಿಲ್ಲ. ತೀರಿಕೊಂಡವರ ಹೆಸರು ಮತದಾರರ ಪಟ್ಟಿಯಲ್ಲಿ ಹಾಗೇ ಉಳಿದಿದ್ದರೆ ಅದನ್ನೂ ನಾವೇ ನಮೂನೆ 7 ಕೊಟ್ಟು ತೆಗೆಸುವುದು ಒಳ್ಳೆಯದು. ಪಟ್ಟಿ ಶುದ್ಧವಾಗಿದ್ದರೆ ಬದುಕಿರುವವರ ಹೆಸರಿನ ಮೇಲೆ ಬೆರಳು ತೋರಿಸಲು ನೆಪ ಸಿಗುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ಪಡಿತರದ ಪಟ್ಟಿ ಬೇರೆ, ಮತದಾರರ ಪಟ್ಟಿ ಬೇರೆ. ಮತ ಹಾಕಲಿಲ್ಲವೆಂದು ಅಕ್ಕಿ ನಿಲ್ಲುವುದಿಲ್ಲ, ಇಂಥವರಿಗೇ ಹಾಕಿದ್ದೀರೆಂದು ಪಿಂಚಣಿ ಬರುವುದೂ ಇಲ್ಲ. ಮತ ಗುಪ್ತವಾದದ್ದು. “ನಮಗೆ ಹಾಕದಿದ್ದರೆ ಹಣ ನಿಲ್ಲುತ್ತದೆ” ಎಂದು ಯಾರಾದರೂ ಹೆದರಿಸಿದರೆ 1951ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಅದು ಭ್ರಷ್ಟ ಆಚರಣೆ, ಹೇಳಿದವರು ಯಾವ ಪಕ್ಷದವರೇ ಆಗಿರಲಿ. ನೆರವು ತೆರಿಗೆಯ ಹಣದಿಂದ ಬರುತ್ತದೆ. ಬೆಂಕಿಪೊಟ್ಟಣ ಕೊಳ್ಳುವಾಗಲೂ ನಾವು ತೆರಿಗೆ ಕಟ್ಟಿರುತ್ತೇವೆ.

ಆಳಂದದಲ್ಲಿ ನಡೆದದ್ದು

ಹೆಸರು ತಾನಾಗಿ ಹೋಗುವುದು ಒಂದು, ಬೇರೆಯವರು ತೆಗೆಸಲು ನೋಡುವುದು ಇನ್ನೊಂದು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ, ಉಳಿದ 5,994 ಸುಳ್ಳು. ಅರ್ಜಿ ಯಾರ ಹೆಸರಿನಲ್ಲಿ ಬಂದಿತ್ತೋ ಅವರಿಗೇ ಅದರ ಸುಳಿವಿರಲಿಲ್ಲ. ಮತಗಟ್ಟೆ ಅಧಿಕಾರಿಯೊಬ್ಬರ ಸಂಬಂಧಿಕರ ಹೆಸರೇ ತೆಗೆಯುವ ಅರ್ಜಿ ಅವರ ಕೈಗೆ ಬಂದದ್ದರಿಂದ ವಿಷಯ ಬಯಲಾಯಿತು. ಆಗ ಅಭ್ಯರ್ಥಿಯಾಗಿದ್ದ, ಈಗ ಶಾಸಕರಾಗಿರುವ ಬಿ.ಆರ್. ಪಾಟೀಲರು ದೂರು ಕೊಟ್ಟು ಬೆನ್ನುಹತ್ತಿದರು. 2023ರ ಫೆಬ್ರವರಿಯಲ್ಲಿ ಪ್ರಕರಣ ದಾಖಲಾಯಿತು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಆ ಸುಳ್ಳು ಅರ್ಜಿಗಳಿಂದ ಹೆಸರುಗಳು ಹೋಗಲಿಲ್ಲ, ಯಾಕೆಂದರೆ ಸಮಯಕ್ಕೆ ಒಬ್ಬರು ನೋಡಿದರು.

ನೋಡುವ ದಾರಿ ನಮಗೂ ಇದೆ. ನಮೂನೆ 7 ಸಲ್ಲಿಸುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು. ಸುಳ್ಳು ಘೋಷಣೆಗೆ 1950ರ ಜನಪ್ರತಿನಿಧಿ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಇದೆ. ಊರು ಬಿಟ್ಟಿದ್ದಾರೆ ಅಥವಾ ಅರ್ಹರಲ್ಲ ಎಂದು ಹೆಸರು ತೆಗೆಯುವ ಮುಂಚೆ ನಮ್ಮ ಮಾತು ಕೇಳಬೇಕೆಂದು ಅದೇ ಕಾಯ್ದೆಯ 22ನೇ ಕಲಂ ಹೇಳುತ್ತದೆ. ತೆಗೆದರೆ ಮೊದಲು ಜಿಲ್ಲಾಧಿಕಾರಿಗೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಉಂಟು. ತೆಗೆಯಲು ಬಂದ ಅರ್ಜಿಗಳ ಪಟ್ಟಿಯನ್ನು ನಮೂನೆ 10ರಲ್ಲಿ ಪ್ರಕಟಿಸುತ್ತಾರೆ. ಮೊಹಲ್ಲಾದ ಇಬ್ಬರು ಹುಡುಗರು ವಾರಕ್ಕೊಮ್ಮೆ ಅದರ ಮೇಲೆ ಕಣ್ಣಾಡಿಸಿದರೆ ಹತ್ತು ನಿಮಿಷದ ಕೆಲಸ. ಮನೆಗೆ ನೋಟಿಸ್ ಬಂದರೆ ಹೆದರಿ ಪಕ್ಕಕ್ಕಿಡಬೇಡಿ. ಹಾಜರಾಗದಿರುವುದೇ ಹೆಸರು ಹೋಗಲು ದಾರಿ.

ಕೊಡಗಿನ ಕಾಫಿ ತೋಟಗಳಿಗೆ ಕೊಯ್ಲಿಗೆ ಹೋಗುವವರು, ಶುಂಠಿ ಹೊಲಗಳ ಹಿಂದೆ ಊರೂರು ತಿರುಗುವವರು, ಬೆಂಗಳೂರಿನಲ್ಲಿ ಗ್ಯಾರೇಜು, ಹಣ್ಣಿನ ಗಾಡಿ ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಮನೆಗೆ ಬೀಗ ಕಂಡು “ಇಲ್ಲಿಲ್ಲ” ಎಂದು ಬರೆದುಕೊಂಡು ಹೋಗುವುದುಂಟು. ಆದರೆ ಊರಿನಿಂದ ತಾತ್ಕಾಲಿಕವಾಗಿ ಹೊರಗಿದ್ದ ಮಾತ್ರಕ್ಕೆ ಒಬ್ಬರು ಅಲ್ಲಿನ ಸಾಮಾನ್ಯ ನಿವಾಸಿ ಅಲ್ಲವೆಂದಾಗುವುದಿಲ್ಲ ಎಂದು ಅದೇ ಕಾಯ್ದೆಯ 20ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಪಕ್ಕದ ಮನೆಯವರಿಗೆ ಒಂದು ಮಾತು, ಒಂದು ಫೋನ್ ನಂಬರ್ ಕೊಟ್ಟು ಹೋಗಿ. ಸಂಸಾರ ಸಮೇತ ಬೆಂಗಳೂರಿನಲ್ಲೇ ನೆಲೆಯಾಗಿದ್ದರೆ ಮಾತ್ರ ಅಲ್ಲಿಗೇ ಬದಲಾಯಿಸಿಕೊಳ್ಳಿ. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಎರಡೂ ಹೋಗುವ ಅಪಾಯವೂ ಇದೆ.

ಸಮಗ್ರ ಪರಿಷ್ಕರಣೆ ಎಂದರೆ

ಬಿಹಾರದಲ್ಲಿ 2025ರ ಜೂನ್ 24ರಂದು ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆಗೆ ಆದೇಶವಾಯಿತು. ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ. ಬಿಟ್ಟ ಹೆಸರುಗಳನ್ನು ಕಾರಣದೊಂದಿಗೆ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಿತು. ಸೆಪ್ಟೆಂಬರ್ 8ರಂದು ಆಧಾರನ್ನೂ 12ನೇ ದಾಖಲೆಯಾಗಿ ಸ್ವೀಕರಿಸಲು ಸೂಚಿಸಿತು, ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ. ಅಕ್ಟೋಬರ್‌ನಲ್ಲಿ ಎರಡನೇ ಹಂತ ಘೋಷಿಸಿದ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕೇರಳ, ತಮಿಳುನಾಡು ಇದ್ದವು, ಕರ್ನಾಟಕ ಇರಲಿಲ್ಲ. ಇಡೀ ದೇಶಕ್ಕೆ ಇದನ್ನು ಮಾಡುವುದಾಗಿ ಆಯೋಗ ಮೊದಲೇ ಹೇಳಿತ್ತು. ಹಾಗಾಗಿ ಸಿದ್ಧರಿರುವುದೇ ಲೇಸು.

ಎಲ್ಲೆಡೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹಳೆಯ ಪಟ್ಟಿ. ನಮ್ಮ ರಾಜ್ಯದಲ್ಲಿ ಹಿಂದಿನ ಸಮಗ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆ ಪಟ್ಟಿಯಲ್ಲಿ ನಿಮ್ಮದೋ ನಿಮ್ಮ ತಂದೆ ತಾಯಿಯದೋ ಹೆಸರು ಹುಡುಕಿ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲಿನ ಪಟ್ಟಿಯಾದ್ದರಿಂದ ಸಂಖ್ಯೆಗಳು ಈಗಿನವಲ್ಲ. ಮದುವೆಯಾಗಿ ಬಂದವರು ತವರೂರಿನ ಪಟ್ಟಿಯಲ್ಲಿ ತಂದೆಯ ಹೆಸರು ಹುಡುಕಬೇಕು. ಆಯೋಗ ಕೇಳಿದ ದಾಖಲೆಗಳಲ್ಲಿ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕು ಪತ್ರ, ಸರ್ಕಾರ ಕೊಟ್ಟ ನಿವೇಶನದ ಪತ್ರ ಇದ್ದವು. ಪಡಿತರ ಚೀಟಿ ಇರಲಿಲ್ಲ. 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರಿಗೆ ತಮ್ಮದೊಂದು ದಾಖಲೆ ಸಾಕು, ನಂತರದವರಿಗೆ ತಂದೆ ಅಥವಾ ತಾಯಿಯದು, 2004ರ ಡಿಸೆಂಬರ್ 2ರ ನಂತರ ಹುಟ್ಟಿದವರಿಗೆ ಇಬ್ಬರದೂ. 1987ರ ಈ ಗೆರೆ ಪೌರತ್ವ ಕಾಯ್ದೆಯಿಂದ ಬಂದದ್ದು. ಇದೇ ಗೆರೆಯ ಮೇಲೆ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಂತಹ ನೆಲೆಗಳಲ್ಲಿ ಹುಟ್ಟಿದ ಟಿಬೆಟಿಯನ್ನರನ್ನೂ ಪಟ್ಟಿಗೆ ಸೇರಿಸಲು ಆಯೋಗ 2014ರಲ್ಲಿ ಸೂಚಿಸಿತ್ತು.

ಮನೆಯಲ್ಲಿ ಹುಟ್ಟಿದ, ಜನನ ನೋಂದಣಿಯೇ ಆಗದ ಮಕ್ಕಳು ಇನ್ನೂ ಇದ್ದಾರೆ. ಒಂದು ವರ್ಷ ದಾಟಿದ ಜನನವನ್ನೂ ದಂಡಾಧಿಕಾರಿಯ ಆದೇಶದ ಮೇಲೆ ನೋಂದಾಯಿಸಬಹುದು. 2023ರ ತಿದ್ದುಪಡಿಯ ನಂತರ ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿಲ್ಲ. ಉಪವಿಭಾಗಾಧಿಕಾರಿಯೂ ಆದೇಶ ಮಾಡಬಹುದು, ನಮಗೆ ಅದು ಹುಣಸೂರಿನಲ್ಲೇ.

ಯಾವ ನಮೂನೆ, ಯಾವಾಗ

ಹೊಸದಾಗಿ ಸೇರಲು ನಮೂನೆ 6. ವಿಳಾಸ ಬದಲು, ಹೆಸರು ತಿದ್ದುಪಡಿ, ಕಳೆದ ಕಾರ್ಡಿಗೆ ಬದಲಿ ಇವೆಲ್ಲಕ್ಕೂ ನಮೂನೆ 8. ಮದುವೆಯಾದ ಹೆಣ್ಣುಮಕ್ಕಳಿಗೆ ಬೇಕಾದದ್ದು 8, ಮತ್ತೆ 6 ಕೊಟ್ಟರೆ ಎರಡು ಕಡೆ ಹೆಸರಾಗುತ್ತದೆ. 18 ತುಂಬುವುದಕ್ಕೆ ಈಗ ಜನವರಿ 1ಕ್ಕೇ ಕಾಯಬೇಕಿಲ್ಲ. ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳು, 17 ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಪಿಯುಸಿ ಓದುವ ಮಕ್ಕಳಿರುವ ಮನೆಯವರು ಗಮನಿಸಿ. ಅರ್ಜಿಯನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ಕೊಡಬಹುದು, ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಕೊಡಬಹುದು, ಮೊಬೈಲಿನಲ್ಲೂ ಕಳಿಸಬಹುದು. ಸ್ವೀಕೃತಿ ಸಂಖ್ಯೆ ಇಲ್ಲದೆ ಮನೆಗೆ ಬರಬೇಡಿ. ಸಹಾಯವಾಣಿ 1950.

85 ದಾಟಿದವರು, ಶೇಕಡ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ನಮೂನೆ 12ಡಿ ಕೊಟ್ಟರೆ ಮನೆಯಲ್ಲೇ ಮತ ಹಾಕಿಸಿಕೊಳ್ಳುತ್ತಾರೆ. ಇದನ್ನು ಚುನಾವಣೆ ಘೋಷಣೆಯಾದ ಕೆಲವೇ ದಿನಗಳಲ್ಲಿ ಕೊಡಬೇಕು, ತಡವಾದರೆ ಹೋಯಿತು. ಕಣ್ಣು ಕಾಣದವರು ಮತಗಟ್ಟೆಗೆ ಒಬ್ಬ ಸಂಗಾತಿಯನ್ನು ಕರೆದೊಯ್ಯಬಹುದು. ಮತದಾನದ ದಿನ ಕೂಲಿಯವರಿಗೂ ಸಂಬಳ ಸಹಿತ ರಜೆ ಇದೆ ಎಂದು ಕಾನೂನಿನ 135ಬಿ ಕಲಂ ಹೇಳುತ್ತದೆ. ನಮ್ಮವರ ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವವರಿಗೂ ಇದು ಅನ್ವಯ ಎಂಬುದನ್ನು ಮಾಲೀಕರಿಗೆ ನೆನಪಿಸುತ್ತೇವೆ.

ಮಹಿಳೆಯರು ಆಗಾಗ ಕೇಳುವ ಎರಡು ಮಾತು. ಬುರ್ಖಾ ಧರಿಸಿದವರು ಗುರುತಿಗಾಗಿ ಮುಖ ತೋರಿಸಬೇಕು, ಮಹಿಳಾ ಸಿಬ್ಬಂದಿಯ ಮುಂದೆ ತೋರಿಸಲು ಅವಕಾಶ ಕೊಡಿ ಎಂದು ಕೇಳಬಹುದು. ಮಹಿಳೆಯರಿಗೆ ನೆರವಾಗಲು ಮಹಿಳೆಯನ್ನು ನೇಮಿಸುವ ಅವಕಾಶ 1961ರ ಚುನಾವಣಾ ನಿಯಮಗಳಲ್ಲೇ ಇದೆ. ಇನ್ನು ಶಾಯಿಯ ಮಾತು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಹೋಗುವ ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲೇ, ಕೆ.ಆರ್. ನಗರಕ್ಕೆ ಹೆಸರಾದ ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಕಟ್ಟಿಸಿದ್ದು. ಮೆಹಂದಿಯಂತೆ ಅದು ಚರ್ಮಕ್ಕೆ ಹತ್ತುವ ಬಣ್ಣ. ವುಝೂ ಬಗ್ಗೆ ಇನ್ನೂ ಸಂದೇಹವಿದ್ದರೆ ಇಮಾಮರನ್ನು ಕೇಳಿಕೊಳ್ಳಿ.

ನಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿದ್ದಾರೆ ಎಂದು ಹೇಳಿದರೆ ಗಲಾಟೆ ಮಾಡದೆ ಗುರುತು ತೋರಿಸಿ ಟೆಂಡರ್ ಮತಪತ್ರ ಕೇಳಿ, ಕಾಗದದ ಮೇಲೆ ಮತ ದಾಖಲಾಗುತ್ತದೆ. “ಗೈರು, ಸ್ಥಳಾಂತರ, ಮೃತ” ಎಂಬ ಗುರುತಿನ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೂ ಮೂಲ ಮತದಾರರ ಪಟ್ಟಿಯಲ್ಲಿ ಹೆಸರಿರುವ ತನಕ ಗುರುತು ಪರಿಶೀಲಿಸಿ ಮತಕ್ಕೆ ಬಿಡಬೇಕು.

ಈ ತಿಂಗಳ ಯಾವುದಾದರೊಂದು ಜುಮಾದ ನಂತರ ಮಸೀದಿಯ ಅಂಗಳದಲ್ಲಿ ಒಂದು ಮೇಜು ಹಾಕಿ, ಮೊಬೈಲ್ ಗೊತ್ತಿರುವ ಇಬ್ಬರು ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಕೂರಿಸಿ ಎಂದು ಸಮಿತಿಗಳನ್ನು ಕೇಳಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಮತದಾರರ ಗುರುತಿನ ಸಂಖ್ಯೆ ಸಾಕು. ಬರುವವರು ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಮೂರನ್ನೂ ತಂದರೆ ಹೆಸರಿನ ಅಕ್ಷರಗಳನ್ನು ಒಂದೇ ಸಲಕ್ಕೆ ಹೋಲಿಸಿ ನೋಡಬಹುದು. ಮಸೀದಿಗೆ ಬರಲಾಗದ ಅಜ್ಜಿಯರ ಕಾಗದಗಳನ್ನು ಮೊಮ್ಮಕ್ಕಳು ತರಲಿ.